ಚಾಳೀಸಿನ ಚೌಕಟ್ಟು

ಕನ್ನಡಕಕ್ಕೆ ನಮ್ಮ ಕಡೆಯ ಹಳಬರು ಇಟ್ಟುಕೊಂಡ ಹೆಸರು ಚಾಳೀಸು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಗಳಲ್ಲಿ ವಯಸ್ಸಾದವರ ಬಾಯಲ್ಲಿ ಈ ಮಾತು ಇನ್ನೂ ಉಳಿದಿದೆ. ಹಿಂದುಸ್ತಾನಿಯಲ್ಲಿ ಚಾಲೀಸ್ ಎಂದರೆ ನಲವತ್ತು. ಮರಾಠಿಯ ಚಾಳಿಶಿ ಎಂದರೆ ನಲವತ್ತರ ಪ್ರಾಯವೂ ಹೌದು, ಆ ಪ್ರಾಯದಲ್ಲಿ ಮೂಗನ್ನೇರುವ ಕನ್ನಡಕವೂ ಹೌದು. ಒಂದು ಉಪಕರಣಕ್ಕೆ ಅದನ್ನು ತೊಡುವವನ ವಯಸ್ಸಿನಿಂದಲೇ ಹೆಸರು ಬಂದ ಉದಾಹರಣೆ ನನಗೆ ಬೇರೊಂದು ಹೊಳೆಯುವುದಿಲ್ಲ. ಕನ್ನಡಕವೆಂಬ ಮಾತು ಕನ್ನಡಿಯ ನೆಂಟ. ಪಾರಸಿಯಲ್ಲಿ ಕಣ್ಣೆಂಬರ್ಥದ ಮಾತಿನಿಂದ ಚಷ್ಮಾ ಬಂದಿತು. ಪಂಡಿತರು ಸುಲೋಚನವೆಂದರು. ಈ ಹೆಸರುಗಳೆಲ್ಲ ಗಾಜನ್ನೋ ಕಣ್ಣನ್ನೋ ವಯಸ್ಸನ್ನೋ ಹೊಗಳುತ್ತವೆ. ಗಾಜನ್ನು ಹಿಡಿದು ನಿಲ್ಲಿಸುವ ಬಡ ಚೌಕಟ್ಟನ್ನು ಒಂದಾದರೂ ನೆನೆಯುವುದಿಲ್ಲ. ಆದರೆ ಕನ್ನಡಕದ ಇತಿಹಾಸದಲ್ಲಿ ಅರ್ಧ ಪಾಲು ಚೌಕಟ್ಟಿನದೇ ಆಗಿದೆ. ಎಂಥ ಗಾಜಾದರೂ ಮೂಗಿನ ಮೇಲೆ ನಿಲ್ಲದಿದ್ದರೆ ಯಾರ ಕಣ್ಣಿಗೂ ಆಗದು. ಆದ್ದರಿಂದ ಇಂದು ಚೌಕಟ್ಟಿನ ಕಥೆಯನ್ನೇ ಹೇಳಬೇಕೆಂದು ಹೊರಟಿದ್ದೇನೆ.

ಚಾಳೀಸು ಇಲ್ಲದ ಕಾಲದಲ್ಲಿ ಓದುವವರು ಏನು ಮಾಡುತ್ತಿದ್ದರು? ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಇದಕ್ಕೆ ಒಂದಿಷ್ಟು ಉತ್ತರ ಕೊಡುತ್ತದೆ. ಕ್ರಿ. ಶ. 945ರಲ್ಲಿ, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಆಳಿಕೆಯಲ್ಲಿ, ಅವನ ಮಂತ್ರಿ ನಾರಾಯಣನು ಇಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದವು. ಉಪಾಧ್ಯಾಯನಿಗೆ ಭೂಮಿ, ಅದರ ಜೊತೆಗೆ ದೀಪದ ಖರ್ಚಿಗೆಂದೇ ಬೇರೆ ಭೂಮಿ. ಈ ದೀಪದ ಭೂಮಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ. ಹತ್ತು ಹದಿನೈದರ ಹುಡುಗರು ಮಂದ ಬೆಳಕಿನಲ್ಲಿಯೂ ಓದಿಯಾರು. ಆದರೆ ನಲವತ್ತು ದಾಟಿದ ಉಪಾಧ್ಯಾಯನಿಗೆ ಓಲೆಗರಿಯ ಅಕ್ಷರ ಕಾಣಬೇಕಾದರೆ ಬೆಳಕು ಹೆಚ್ಚಾಗಿಯೇ ಬೇಕು. ಕಣ್ಣಿನ ಮಸೂರ ವಯಸ್ಸಾದಂತೆ ಗಡುಸಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಬಾಗದಂತಾಗುತ್ತದೆ. ಬೆಳಕು ಬಲವಾಗಿದ್ದರೆ ಪಾಪೆ ಕಿರಿದಾಗಿ ಅಕ್ಷರ ಕೊಂಚ ಸ್ಫುಟವಾಗುತ್ತದೆ, ಅಷ್ಟೇ ಸಹಾಯ. ಅದೂ ಸಾಲದೆ ಹೋದಾಗ ಪಂಡಿತನು ಕಲಿತದ್ದನ್ನು ನೆನಪಿನಿಂದ ಹೇಳುತ್ತಿದ್ದನು, ಇಲ್ಲವೆ ಶಿಷ್ಯನಿಂದ ಓದಿಸಿ ಕೇಳುತ್ತಿದ್ದನು. ನಮ್ಮ ದೇಶದಲ್ಲಿ ಕಂಠಪಾಠಕ್ಕೆ ಬಂದ ಗೌರವದಲ್ಲಿ ನಲವತ್ತರ ಕಣ್ಣಿನ ಪಾಲೂ ಸ್ವಲ್ಪ ಇದ್ದೀತೆಂದು ನನ್ನ ಊಹೆ.

ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, ಹದಿಮೂರನೆಯ ಶತಮಾನದ ಕೊನೆಗೆ. 1306ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಪ್ರವಚನ ಮಾಡಿದ ಜೋರ್ದಾನೊ ಎಂಬ ಸನ್ಯಾಸಿ, ಈ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲವೆಂದು ಹೇಳಿದನು. ಕಂಡುಹಿಡಿದವನ ಹೆಸರು ಮಾತ್ರ ಉಳಿಯಲಿಲ್ಲ. 1352ರಲ್ಲಿ ತ್ರೆವಿಜೊ ಊರಿನ ಮಠದ ಗೋಡೆಯ ಮೇಲೆ ತೊಮ್ಮಾಸೊ ದ ಮೋದೆನ ಬರೆದ ಚಿತ್ರದಲ್ಲಿ ಒಬ್ಬ ಧರ್ಮಗುರು ಕನ್ನಡಕ ಧರಿಸಿ ಬರೆಯುತ್ತ ಕುಳಿತಿದ್ದಾನೆ. ಸೋಜಿಗದ ಸಂಗತಿಯೆಂದರೆ, ಆ ಗುರು ತೀರಿಕೊಂಡಾಗ ಕನ್ನಡಕವಿನ್ನೂ ಹುಟ್ಟಿರಲಿಲ್ಲ. ಪಂಡಿತನೆಂದು ತೋರಿಸಬೇಕಾದರೆ ಮೂಗಿನ ಮೇಲೊಂದು ಕನ್ನಡಕವಿರಬೇಕೆಂಬ ಭಾವನೆ ಆಗಲೇ ಬೇರೂರಿತ್ತು! ಮುಖಕ್ಕೆ ಒಪ್ಪುವುದೋ ಇಲ್ಲವೋ ಎಂಬ ವಿಚಾರ ಇಂದಿನ ಅಂಗಡಿಗಳಲ್ಲಿ ಹುಟ್ಟಿದ್ದಲ್ಲ. ಆರುನೂರು ವರ್ಷಗಳಿಗೂ ಹಳೆಯದು.

ಆ ಚಿತ್ರದ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಗಳಿಲ್ಲ. ಎರಡು ಬಳೆಗಳಲ್ಲಿ ಎರಡು ಗಾಜುಗಳು, ನಡುವೆ ಒಂದು ಮೊಳೆ, ಅಷ್ಟೇ. ಬಳೆಗಳು ಮರದವು, ಎಲುಬಿನವು, ಕೋಡಿನವು, ತೊಗಲಿನವು ಇರುತ್ತಿದ್ದವು. ಮೂಗನ್ನು ಚಿವುಟಿದಂತೆ ಏರಿಸಿ ಕುಳಿತುಕೊಳ್ಳಬೇಕು, ಇಲ್ಲವೆ ಕೈಯಲ್ಲಿ ಹಿಡಿದುಕೊಳ್ಳಬೇಕು. ತಲೆ ಬಗ್ಗಿಸಿದರೆ ಬಿತ್ತು.

ಇಂಥದೇ ಒಂದು ವಸ್ತು ಕನ್ನಡ ನಾಡಿನಲ್ಲಿ ಮೊದಲು ಕಾಣಿಸಿಕೊಂಡದ್ದು, ನಮಗೆ ಸಿಕ್ಕಿರುವ ಬರಹದ ಮಟ್ಟಿಗೆ, ವ್ಯಾಸರಾಯರ ಕೈಯಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಈ ಯತಿಗಳ ಚರಿತ್ರೆಯನ್ನು ಅವರ ಸಮಕಾಲೀನ ಕವಿ ಸೋಮನಾಥ ಸಂಸ್ಕೃತದಲ್ಲಿ ‘ವ್ಯಾಸಯೋಗಿಚರಿತ’ವೆಂದು ಬರೆದನು. ವೃದ್ಧರಾದ ಗುರುಗಳು ಕಣ್ಣಿಗೆ ಸಹಾಯವಾದ ಒಂದು ಸಾಧನವನ್ನಿಟ್ಟುಕೊಂಡು ಗ್ರಂಥವನ್ನು ಓದುತ್ತಿದ್ದರೆಂದು ಅದರಲ್ಲಿದೆ. ಕವಿ ಅದನ್ನು ಉಪಲೋಚನವೆಂಬ ಮಾತಿನಿಂದ ಕರೆದಿದ್ದಾನೆ. ಅಂದರೆ ಕಣ್ಣಿನ ಒತ್ತಿಗಿರುವ ಇನ್ನೊಂದು ಕಣ್ಣು. ಬಿ. ವೆಂಕೋಬರಾಯರು 1926ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದರು. ಪುಣೆಯ ಭಾಂಡಾರಕರ ಸಂಸ್ಥೆಯ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಶೋಧಿಸುತ್ತ ಈ ಸಾಲುಗಳನ್ನು ವಿದ್ವಾಂಸರ ಲಕ್ಷ್ಯಕ್ಕೆ ತಂದರು. ಅವರು ಇದನ್ನು 1520ರ ಸುಮಾರಿಗೆ ಇಟ್ಟಿದ್ದಾರೆ.

ಆ ಹೊತ್ತಿಗೆ ಫಿರಂಗಿಯವರು ಗೋವೆಯಲ್ಲಿ ಕಾಲೂರಿ ಹತ್ತು ವರ್ಷಗಳಾಗಿದ್ದವು. ಗೋವೆಯನ್ನು ಅವರು 1510ರಲ್ಲಿ ಕಿತ್ತುಕೊಂಡದ್ದು ನಮ್ಮ ಬಿಜಾಪುರದ ಆದಿಲಶಾಹಿಯಿಂದಲೇ. ಕಡಲಿನಿಂದ ಬಂದ ಹೊಸ ವಸ್ತುಗಳು ಘಟ್ಟವನ್ನೇರಿ ಎರಡು ಕಡೆ ಹರಿಯುತ್ತಿದ್ದವು: ಒಂದು ಹಂಪೆಗೆ, ಇನ್ನೊಂದು ಬಿಜಾಪುರಕ್ಕೆ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಆಗ್ರಾಕ್ಕೆ ಹೊತ್ತುಕೊಂಡು ಹೋದ ತಂಬಾಕು ಬಿಜಾಪುರದ್ದೇ ಆಗಿತ್ತು. ಮೊಗಲರ ಆಸ್ಥಾನದಲ್ಲಿಯೂ ಕನ್ನಡಕದ ಗುರುತು ಚಿತ್ರದಲ್ಲಿ ಉಳಿದಿದೆ. ಮೀರ್ ಸಯ್ಯದ್ ಅಲಿ ಎಂಬ ಚಿತ್ರಕಾರ ತನ್ನ ಮುಪ್ಪಿನ ತಂದೆ, ತಾನೂ ಚಿತ್ರಕಾರನಾದ ಮೀರ್ ಮುಸವ್ವಿರ್‌ನನ್ನು ಕನ್ನಡಕದೊಡನೆಯೇ ಚಿತ್ರಿಸಿದ್ದಾನೆ. ಆ ಚಿತ್ರ 1565ರಿಂದ 1570ರ ಆಸುಪಾಸಿನದು. ಅದೇ 1565ರಲ್ಲಿ ನಮ್ಮ ತಾಳಿಕೋಟೆಯ ಹೆಸರು ಹೊತ್ತ ಕಾಳಗದಲ್ಲಿ ವಿಜಯನಗರ ಮುರಿದುಬಿದ್ದಿತು. ಸಾಮ್ರಾಜ್ಯಗಳು ಬೀಳುವಾಗಲೂ ಎಲ್ಲೋ ಒಬ್ಬ ಮಗ ಮುದುಕ ತಂದೆಯ ಕನ್ನಡಕವನ್ನು ಶ್ರದ್ಧೆಯಿಂದ ಬಿಡಿಸುತ್ತ ಕುಳಿತಿರುತ್ತಾನೆ.

ಚೌಕಟ್ಟಿನ ಚರಿತ್ರೆಯಲ್ಲಿ ದೊಡ್ಡ ತಿರುವು ಬಂದದ್ದು 1727ರಿಂದ 1730ರ ಸುಮಾರಿಗೆ. ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಎಂಬ ಕನ್ನಡಕದ ವ್ಯಾಪಾರಿ, ಕಪೋಲದ ಎರಡೂ ಬದಿಗೆ ಒತ್ತಿಕೊಂಡು ನಿಲ್ಲುವ ಕಡ್ಡಿಗಳುಳ್ಳ ಚೌಕಟ್ಟನ್ನು ಮಾರಾಟಕ್ಕೆ ತಂದನು. ಕಿವಿಯ ಹಿಂದೆ ಬಾಗುವ ಕಡ್ಡಿ ಅನಂತರ ಬಂದಿತು. ಕನ್ನಡಕ ಹುಟ್ಟಿ ನಾಲ್ಕು ನೂರು ವರ್ಷ ಕಳೆದ ಮೇಲೆ ಇಷ್ಟು ಸರಳವಾದ ಯೋಚನೆ ನೆಲೆಗೊಂಡಿತು ಎಂಬುದು ವಿಚಿತ್ರವಾಗಿ ಕಾಣುತ್ತದೆ. ನನಗೆ ತೋರುವ ಕಾರಣ ಇದು: ಓದುವವನಿಗೆ ಒಂದು ಕೈ ಬಿಡುವಿದ್ದೇ ಇರುತ್ತದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕನ್ನಡಕ. ಆದರೆ ಹೊಲಿಯುವವಳಿಗೆ, ಅಕ್ಕಸಾಲಿಗನಿಗೆ, ನೇಯುವವನಿಗೆ ಎರಡು ಕೈಗಳೂ ಬೇಕು. ಅವರು ತಲೆ ಬಗ್ಗಿಸಿಯೇ ದುಡಿಯಬೇಕು. ಕಡ್ಡಿ ಬಂದಾಗ ಕನ್ನಡಕ ಪಂಡಿತನ ಸೊತ್ತಾಗಿದ್ದದ್ದು ದುಡಿಯುವವರ ಸೊತ್ತಾಗುವ ದಾರಿ ತೆರೆಯಿತು.

ಆ ದಾರಿ ನಮ್ಮ ಹಳ್ಳಿಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ಸೊಲ್ಲಾಪುರದ ಬದಿಯ ಹೊಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ರೈಲುಹಳಿ ಬಿದ್ದದ್ದು 1884ರ ಸುಮಾರಿಗೆ. ಇಂಡಿಗೂ ಬಾಗೇವಾಡಿಗೂ ಊರಿಂದ ದೂರದಲ್ಲಿ ‘ರೋಡ್’ ಎಂಬ ಬಾಲ ಹೊತ್ತ ಠಾಣೆಗಳು ಸಿಕ್ಕವು. ಸಿಂದಗಿ, ಮುದ್ದೇಬಿಹಾಳಗಳನ್ನು ಆ ಹಳಿ ಮುಟ್ಟಲಿಲ್ಲ. ಆಗ ನಾವೆಲ್ಲ ಮುಂಬಯಿ ಪ್ರಾಂತದವರು; 1956ರ ವರೆಗೂ ಹಾಗೆಯೇ ಇದ್ದೆವು. ಒಳ್ಳೆಯ ಚಾಳೀಸು ಬೇಕೆಂದರೆ ಬಿಜಾಪುರಕ್ಕೋ ಸೊಲ್ಲಾಪುರಕ್ಕೋ ಹೋಗಿಬರಬೇಕು. ಹೋದವರು ತಮಗೊಂದನ್ನು ತಂದರೆ, ಆ ಒಂದೇ ಚಾಳೀಸು ಮನೆಯ ಎಲ್ಲ ಮುದಿಗಣ್ಣುಗಳಿಗೂ ಆಗಬೇಕು.

ನಮ್ಮ ಆಯಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ ಧೋತರಗಳ ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ, ಸಾಲು ಹಿಡಿದು ದಾರ ಹಾಯಿಸುವ ಕೆಲಸ. “ತಮ್ಮಾ, ಇಲ್ಲಿ ಬಾರೋ, ಸೂಜಿಗೆ ದಾರ ಪೋಣಿಸಿ ಕೊಡು” ಎಂದು ಅವಳು ಕರೆಯದ ಮಧ್ಯಾಹ್ನವಿರಲಿಲ್ಲ. ಅಜ್ಜನ ಚಾಳೀಸು ಬಿಡುವಾದಾಗ ಅವಳದನ್ನು ಹಾಕಿಕೊಳ್ಳುವಳು. ಅಜ್ಜನ ಅಗಲ ಮುಖಕ್ಕೆ ಕೂಡುವ ಚೌಕಟ್ಟು ಅವಳ ಕಿರುಮುಖದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಡ್ಡಿ ಮುರಿದಿತ್ತು. ಅಲ್ಲಿ ನೂಲಿನ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುವಳು. ಮೂಗಿನ ಮೇಲೆ ಲೋಹ ಕುಳಿತಲ್ಲಿ ಹಸಿರು ಕಿಲುಬಿನ ಕಲೆ. ಅದು ತಾಮ್ರ, ಸತುವು, ನಿಕ್ಕಲ್ ಬೆರೆಸಿದ ಜರ್ಮನ್ ಸಿಲ್ವರಿನ ಗುಣ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಮೈಯಲ್ಲಿ ಬೆಳ್ಳಿಯಿಲ್ಲ. ನಮ್ಮ ಬೇಸಿಗೆಯ ಬೆವರು ತಗಲಿದಾಗ ಅದರ ತಾಮ್ರ ಹಸಿರಾಗಿ ಹೊರಬರುತ್ತದೆ. ಅವಳಿಗೇ ಅಳತೆ ಮಾಡಿಸಿದ ಚಾಳೀಸು ಅವಳ ಆಯುಷ್ಯದಲ್ಲಿ ಬರಲಿಲ್ಲ. ಯಾರೂ ಕ್ರೂರಿಗಳಾಗಿದ್ದರೆಂದು ಇದಕ್ಕೆ ಅರ್ಥವಲ್ಲ. ಚಾಳೀಸು ಓದುವವರಿಗೆ, ಆಯಿಯೇನು ಓದುವವಳಲ್ಲ ಎಂಬುದು ಆಗಿನ ಎಲ್ಲರ ತಿಳಿವಳಿಕೆಯಾಗಿತ್ತು, ಅವಳದೂ ಅದೇ.

ಇಲ್ಲಿ ಹಲಸಂಗಿಯ ಗೆಳೆಯರನ್ನು ನೆನೆಯಬೇಕು. ಆಗ ಇಂಡಿ ತಾಲೂಕಿಗೆ ಸೇರಿದ್ದ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಬೆಳಕು ಕಂಡಿತು. ಬೀಸುವ ಕಲ್ಲಿನ ಹಾಡಿಗೆ ಕಣ್ಣು ಬೇಡ. ನಸುಕಿನ ಕತ್ತಲಲ್ಲಿಯೂ ಅದು ಬರುತ್ತದೆ. ಅದಕ್ಕೆಂದೇ ನಲವತ್ತು, ಅರವತ್ತು ದಾಟಿದ ಹೆಂಗಸರ ಬಾಯಲ್ಲಿ ಹಾಡು ಕೆಡದೆ ಉಳಿದಿತ್ತು. ಕೌದಿಗೆ ಹಾಗಲ್ಲ, ಅಕ್ಕಿ ಆರಿಸುವುದಕ್ಕೂ ಹಾಗಲ್ಲ. ಅವಳ ಕಿವಿಯ ಸಂಪತ್ತನ್ನು ನಾಡು ಗುರುತಿಸಿತು. ಅವಳ ಕಣ್ಣಿನ ಬಡತನವನ್ನು ಗುರುತಿಸಲು ತಡಮಾಡಿತು.

ಓದುವವರ ಕಥೆಯೂ ಸುಖದ್ದೇನಲ್ಲ. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ಕುಳಿತು ವಚನಗಳ ಓಲೆಗರಿಗಳನ್ನು ಕೂಡಿಹಾಕಿದರು. 1880ರಲ್ಲಿ ಹುಟ್ಟಿದ ಅವರು ‘ವಚನಶಾಸ್ತ್ರಸಾರ’ವನ್ನು ಹೊರತಂದದ್ದು 1923ರಲ್ಲಿ, ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು 1926ರಲ್ಲಿ. ಎಂದರೆ ಆ ಮಹಾಕಾರ್ಯದ ಬಹುಭಾಗ ನಡೆದದ್ದು ಚಾಳೀಸಿನ ವಯಸ್ಸಿನ ಆಚೆಗೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮಾತು ಇಂದು ಅಚ್ಚಿನಲ್ಲಿ ನಮಗೆ ಸಿಗುವುದು ಇಂಥ ಕಣ್ಣುಗಳ ದುಡಿಮೆಯಿಂದ. ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರನ್ನು ನೆನೆದಾಗಲಂತೂ ಕನ್ನಡಕವಿಲ್ಲದ ಮುಖ ನಮ್ಮ ಕಣ್ಣ ಮುಂದೆ ನಿಲ್ಲುವುದೇ ಇಲ್ಲ. ಶಾಸನದ ಸವೆದ ಅಕ್ಷರವನ್ನು ಬಿಡಿಸುವವನಿಗೆ ಅದು ಅಲಂಕಾರವಲ್ಲ.

ಆದರೆ ಚೌಕಟ್ಟಿನ ಬೆಲೆಯನ್ನು ನಮ್ಮ ಜನಕ್ಕೆ ನಿಜವಾಗಿ ತಿಳಿಸಿದ್ದು ಓದಲ್ಲ, ಮೋತಿಬಿಂದು. ಕಣ್ಣಿನ ಮಸೂರ ಮಂಜಾಗುವ ಈ ಪೊರೆಯ ಬೇನೆ ಬಿಸಿಲನಾಡಿನಲ್ಲಿ ಮುದುಕರನ್ನು ಮೂಲೆಗೆ ಕೂಡಿಸುತ್ತಿತ್ತು. ಹಿಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1940ರ ದಶಕದಿಂದ ಊರೂರಿಗೆ ಹೋಗಿ ಶಿಬಿರ ಹೂಡಿ, ಹಣ ಕೇಳದೆ ಪೊರೆ ತೆಗೆದರು. ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಕ್ರಿಯೆ ಮಾಡಿದ ಅವರ ದಾಖಲೆ ಲೋಕಪ್ರಸಿದ್ಧ. 2005ರಲ್ಲಿ ತೀರಿಕೊಳ್ಳುವ ಮುನ್ನ ಅವರ ಕೈಯಿಂದ ನಡೆದ ಶಸ್ತ್ರಕ್ರಿಯೆಗಳ ಸಂಖ್ಯೆ ಐದು ಲಕ್ಷವನ್ನು ಮಿಕ್ಕಿತ್ತು.

ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಮಂಜಾದ ಮಸೂರವನ್ನು ಪೂರ್ತಿಯಾಗಿ ತೆಗೆದುಬಿಡುತ್ತಿದ್ದರು. ಅದರ ಬದಲಿಗೆ ಕಣ್ಣೊಳಗೆ ಏನೂ ಇಡುತ್ತಿರಲಿಲ್ಲ. ಹೋದ ಮಸೂರದ ಕೆಲಸವನ್ನು ಹೊರಗಿನ ಗಾಜು ಮಾಡಬೇಕು. ಅದಕ್ಕೆ ಪ್ಲಸ್ ಹತ್ತರ ಆಸುಪಾಸಿನ ಬಲವುಳ್ಳ, ನಡುವೆ ಗೋಲಿಯಂತೆ ಉಬ್ಬಿದ ದಪ್ಪ ಗಾಜು ಬೇಕು. ಅದರೊಳಗಿಂದ ನೋಡಿದರೆ ವಸ್ತುಗಳು ಕಾಲುಭಾಗದಷ್ಟು ದೊಡ್ಡವಾಗಿ, ಹತ್ತಿರ ಬಂದಂತೆ ಕಾಣುತ್ತವೆ. ಮುದುಕರು ಹೊಸ್ತಿಲು ದಾಟುವಾಗ ಕಾಲನ್ನು ತಪ್ಪಿ ಇಡುವರು. ತಂಬಿಗೆಯಿಂದ ನೀರು ಹೊಯ್ದರೆ ಲೋಟದ ಹೊರಗೆ ಬೀಳುವುದು. ಗಾಜಿನ ಅಂಚಿನಲ್ಲಿ ಏನೂ ಕಾಣದ ಒಂದು ಸುತ್ತು ಇರುವುದರಿಂದ, ಪಕ್ಕದಿಂದ ಬರುವ ದನವೋ ಮನುಷ್ಯನೋ ತಟ್ಟನೆ ಎದುರಿಗೆ ಉದಯಿಸಿದಂತೆ ಆಗುವುದು. ಆದರೂ ಮೊಮ್ಮಕ್ಕಳ ಮುಖ ಕಂಡಿತಲ್ಲ ಎಂಬ ಸಂತೋಷದ ಮುಂದೆ ಇವೆಲ್ಲ ಸಣ್ಣ ತೊಂದರೆಗಳು.

ಇಲ್ಲಿ ಚೌಕಟ್ಟು ಜೀವನಾಡಿಯಾಯಿತು. ಬಾಕಿ ಜನರ ಚಾಳೀಸು ಮುರಿದರೆ ಓದು ನಿಲ್ಲುತ್ತದೆ. ಪೊರೆ ತೆಗೆಸಿದವರ ಚಾಳೀಸು ಮುರಿದರೆ ಅವರು ಮತ್ತೆ ಕುರುಡರೇ. ವೈದ್ಯರ ಕೈಚಳಕವೆಲ್ಲ ಒಂದು ಸಾಸಿವೆಯಷ್ಟು ತಿರುಪುಮೊಳೆಯ ಮೇಲೆ ನಿಂತಿರುತ್ತಿತ್ತು. ಅದು ಬಿದ್ದುಹೋದರೆ ಇನ್ನೊಂದು ಸಿಗುವುದು ತಾಲೂಕಿನ ಊರಿನಲ್ಲಿ. ಬಸ್ಸು ಹಿಡಿದು ಹೋಗಬೇಕಾದವನಿಗೆ ಬಸ್ಸಿನ ಬೋರ್ಡು ಕಾಣದು. ಭಾರದ ಗಾಜು ಜಾರಿದರೆ ನೋಟವೂ ಬದಲಾಗುತ್ತಿತ್ತು, ಏಕೆಂದರೆ ಉಬ್ಬುಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಬಲ ಹೆಚ್ಚಿದಂತಾಗುತ್ತದೆ. ಜಾಣ ಮುದುಕರು ಇದನ್ನೇ ಉಪಯೋಗಕ್ಕೆ ತಂದುಕೊಂಡು, ಹತ್ತಿರದ್ದನ್ನು ನೋಡುವಾಗ ಚಾಳೀಸನ್ನು ಮೂಗಿನ ತುದಿಗೆ ಇಳಿಸುತ್ತಿದ್ದರು. ನಾವು ಹುಡುಗರು ಅದನ್ನು ಗತ್ತು ಎಂದು ತಿಳಿದಿದ್ದೆವು, ಅದು ವಿಜ್ಞಾನವಾಗಿತ್ತು.

ಕಣ್ಣೊಳಗೇ ಕೃತಕ ಮಸೂರವನ್ನು ಇಡುವ ಕ್ರಮವನ್ನು ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದರು. ಅದು ನಮ್ಮ ಬಡವರಿಗೆ ನಿಲುಕುವಂತಾಗಲು ನಾಲ್ಕು ದಶಕಗಳು ಬೇಕಾದವು. ಮದುರೆಯ ಅರೋಲ್ಯಾಬ್ 1992ರಲ್ಲಿ ಆರಂಭವಾಗಿ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸತೊಡಗಿತು. ಗೋಲಿಗಾಜಿನ ಮುದುಕರು ಕ್ರಮೇಣ ನಮ್ಮ ಕಟ್ಟೆಗಳಿಂದ ಮರೆಯಾದರು. ಮರೆಯಾಗದೆ ಉಳಿದದ್ದು ಆ ಹಳೆಯ ಚಾಳೀಸು, ಎಂದರೆ ನಲವತ್ತರ ಕಣ್ಣು. ಆಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಪ್ರಕಾರ, ಕನ್ನಡಕವಿಲ್ಲದವರಿಗಿಂತ ಅವರ ದುಡಿಮೆ ಐದರಲ್ಲಿ ಒಂದು ಪಾಲಿಗೂ ಮಿಕ್ಕಿ ಹೆಚ್ಚಿತು. ಅವರಾರೂ ಪಂಡಿತರಲ್ಲ. ಆಯಿಯ ಸೂಜಿಯ ಲೆಕ್ಕ ಕೊನೆಗೂ ಒಬ್ಬರು ಮಾಡಿದಂತಾಯಿತು.

ಇಷ್ಟು ಚರಿತ್ರೆಯಿಂದ ಚೌಕಟ್ಟನ್ನು ಆರಿಸುವವನಿಗೆ ಸಿಗುವ ಬುದ್ಧಿಯೇನು? ಮೊದಲನೆಯದು, ಚಾಳೀಸು ಒಬ್ಬೊಬ್ಬರದು. ಚೌಕಟ್ಟಿನ ಅಗಲ ಮುಖದ ಅಗಲಕ್ಕೆ ಸರಿಯಾಗಬೇಕು. ಕಣ್ಣಿನ ಪಾಪೆ ಗಾಜಿನ ನಡುವಿಗೆ ಬರಬೇಕು. ಭಾರದ ಬಹುಪಾಲು ಹೊರುವುದು ಮೂಗು. ಆದ್ದರಿಂದ ಅಲ್ಲಿ ಕೂಡುವ ಕಮಾನು ಒಂದೇ ಬಿಂದುವಿನಲ್ಲಿ ಚುಚ್ಚದೆ ಎರಡೂ ಬದಿಗೆ ಸಮನಾಗಿ ಒರಗಬೇಕು. ಕಡ್ಡಿ ಕಿವಿಯನ್ನು ದಾಟಿದೊಡನೆ ಬಾಗಬೇಕು. ಮೊದಲೇ ಬಾಗಿದರೆ ನೋವು, ತಡವಾಗಿ ಬಾಗಿದರೆ ಜಾರಾಟ. ಅಂಗಡಿಯಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ತಲೆ ಬಗ್ಗಿಸಿ ನೆಲ ನೋಡಿರಿ, ನಕ್ಕು ನೋಡಿರಿ. ಆಗಲೂ ಅದು ತನ್ನ ಜಾಗದಲ್ಲಿದ್ದರೆ ಅದು ನಿಮ್ಮದು. ಗಾಜಿನ ಬಲ ಹೆಚ್ಚಿದ್ದವರಿಗೆ ಕಿರಿದಾದ, ದುಂಡನೆಯ ಚೌಕಟ್ಟೇ ಹಿತ. ಅಗಲ ಹೆಚ್ಚಿದಷ್ಟೂ ದಪ್ಪವೂ ಭಾರವೂ ಹೆಚ್ಚು. ಗಾಂಧೀಜಿಯವರ ದುಂಡು ಕನ್ನಡಕವನ್ನು ಸರಳತೆಯ ಗುರುತೆಂದು ಬಗೆಯುತ್ತೇವೆ. ಕುಶಲಿಯ ಕಣ್ಣಿನಿಂದ ನೋಡಿದರೆ ಅದೊಂದು ಅಚ್ಚುಕಟ್ಟಾದ ಲೆಕ್ಕವೂ ಹೌದು.

ಎರಡನೆಯದು, ಬಾಳಿಕೆ. ಹಿಂದಿನ ಸೆಲ್ಯುಲಾಯ್ಡ್ ಚೌಕಟ್ಟುಗಳಲ್ಲಿ ಕರ್ಪೂರ ಬೆರೆತಿರುತ್ತಿತ್ತು. ಅದು ಹಾರಿಹೋದಂತೆ ಚೌಕಟ್ಟು ಹಳದಿಯಾಗಿ ಸಿಡಿಯುತ್ತಿತ್ತು, ಬೆಂಕಿ ತಗಲಿದರಂತೂ ಧಗ್ಗೆನ್ನುತ್ತಿತ್ತು. ಅದರ ಜಾಗಕ್ಕೆ ಬಂದ ಅಸಿಟೇಟ್ ಹತ್ತಿಯ ನಾರಿನಿಂದಲೋ ಮರದ ತಿರುಳಿನಿಂದಲೋ ಆಗುವಂಥದು. ನಮ್ಮ ಎರೆಯ ಹೊಲದ ಹತ್ತಿಯ ದೂರದ ನೆಂಟನೊಬ್ಬ ಮೂಗಿನ ಮೇಲೆ ಕುಳಿತಿದ್ದಾನೆಂದು ನಾವು ಹೆಮ್ಮೆಪಡಬಹುದು. ಅದನ್ನು ಬಿಸಿಮಾಡಿ ಮುಖಕ್ಕೆ ತಕ್ಕಂತೆ ಬಾಗಿಸಬಹುದು. ಅದೇ ಗುಣದಿಂದ ಬಿಸಿಲಿನಲ್ಲಿಟ್ಟರೆ ತಾನೇ ಸೊಟ್ಟಗಾಗುವುದು. ನಿಕ್ಕಲ್ ಬೆರೆತ ಲೋಹ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಬೆವರಿಗೆ ಅಳುಕದ ಟೈಟೇನಿಯಂ ಹಗುರವೂ ಗಟ್ಟಿಯೂ ಆಗಿದೆ. ಬೆಲೆ ಮಾತ್ರ ಹೆಚ್ಚು. ಯಾವುದನ್ನೇ ಕೊಂಡರೂ ಕೀಲನ್ನು ನೋಡಿ ಕೊಳ್ಳಬೇಕು, ಮುರಿಯುವುದು ಅಲ್ಲಿಯೇ. ತಿರುಪುಮೊಳೆ ನಮ್ಮ ತಾಲೂಕಿನ ಅಂಗಡಿಯಲ್ಲಿಯೇ ಸಿಗುವಂಥದೋ ಎಂದು ಕೇಳಬೇಕು. ಒಂದೇ ಕೈಯಿಂದ ಎಳೆದು ತೆಗೆದರೆ ಕಡ್ಡಿ ಸಡಿಲವಾಗುತ್ತದೆ; ಎರಡು ಕೈಗಳಿಂದ ತೆಗೆಯಬೇಕು. ಧೂಳು ಕುಳಿತ ಗಾಜನ್ನು ಧೋತರದ ಚುಂಗಿನಿಂದ ಒರಸಿದರೆ ಗೀರು ಬೀಳುತ್ತದೆ. ಮೊದಲು ನೀರಿನಿಂದ ತೊಳೆಯಬೇಕು.

ಮೂರನೆಯ ಮಾತು ಅಂಗಡಿಗೆ ಹೋಗುವ ಮೊದಲೇ ಆಗಬೇಕಾದದ್ದು. ಸಂತೆಯಲ್ಲಿ ಸಿಗುವ ಸಿದ್ಧ ಚಾಳೀಸು ಏನೂ ಇಲ್ಲದುದಕ್ಕಿಂತ ಲೇಸು. ಆದರೆ ಕಣ್ಣಿನ ಬೇರೆ ಬೇನೆಗಳನ್ನು ಅದು ಪತ್ತೆ ಹಚ್ಚದು. ಒಮ್ಮೆ ಕಣ್ಣು ತೋರಿಸಿಯೇ ಗಾಜು ಹಾಕಿಸಬೇಕು. ಹಾಗೆ ಹೋಗುವಾಗ ಮನೆಯಲ್ಲಿ ನಲವತ್ತು ದಾಟಿದವರು ಎಷ್ಟು ಮಂದಿ ಎಂದು ಎಣಿಸಿಕೊಂಡು, ಓದುವವರನ್ನೂ ಓದದವರನ್ನೂ ಕರೆದುಕೊಂಡು ಹೋಗಬೇಕು. ಸಾಲೋಟಗಿಯ ದಾನಿ ದೀಪದೆಣ್ಣೆಗೆ ಭೂಮಿ ಬಿಟ್ಟಾಗ, ಕಾಣುವುದೂ ಕಲಿಯುವುದರ ಒಂದು ಭಾಗವೆಂದು ಒಪ್ಪಿಕೊಂಡಿದ್ದನು. ಕಾಣುವುದು ದುಡಿಯುವುದರ, ಬಾಳುವುದರ ಭಾಗವೂ ಹೌದೆಂದು ನಾವು ಒಪ್ಪಿಕೊಂಡರೆ, ಪ್ರತಿಯೊಂದು ಮುಖಕ್ಕೂ ಅದರದೇ ಅಳತೆಯ ಒಂದು ಚೌಕಟ್ಟು ಸಿಗಲು ಬಹಳ ಕಾಲ ಹಿಡಿಯಲಾರದು.